ನಿಕಟ ಛಾಯಾಗ್ರಹಣದಲ್ಲಿ ಸ್ವಯಂಚಾಲಿತ ಫ್ಲಾಶ್‌ನ ಓವರ್ ಎಕ್ಸ್‌ಪೋಷರ್

ನಿಕಟ ಛಾಯಾಗ್ರಹಣದಲ್ಲಿ ಸ್ವಯಂಚಾಲಿತ ಫ್ಲಾಶ್‌ನ ಓವರ್ ಎಕ್ಸ್‌ಪೋಷರ್ ಎಂದರೆ ಕೀಟ, ಹೂವು, ನಾಣ್ಯ, ಆಭರಣ, ಹಲ್ಲು ಮೊದಲಾದ ಸಣ್ಣ ವಸ್ತುಗಳನ್ನು ಅತಿ ಹತ್ತಿರದಿಂದ ಚಿತ್ರಿಸುವಾಗ, ಫ್ಲಾಶ್ ತಾನೇ ತನ್ನ ಬೆಳಕನ್ನು ನಿಯಂತ್ರಿಸಿಕೊಳ್ಳುವ ಸ್ಥಿತಿಯಲ್ಲಿದ್ದರೂ ಚಿತ್ರವು ಅಗತ್ಯಕ್ಕಿಂತ ಹೆಚ್ಚು ಬೆಳ್ಳಗಾಗುವ ದೋಷ. ಮೂರು ನಾಲ್ಕು ಮೀಟರ್ ದೂರದಲ್ಲಿ ಸರಿಯಾಗಿ ಕೆಲಸ ಮಾಡುವ ಅದೇ ಕ್ಯಾಮೆರಾ ಮತ್ತು ಅದೇ ಫ್ಲಾಶ್, ಇಪ್ಪತ್ತು ಮೂವತ್ತು ಸೆಂಟಿಮೀಟರ್ ದೂರದಲ್ಲಿ ಈ ದೋಷವನ್ನು ತೋರಿಸುತ್ತವೆ. ಇದಕ್ಕೆ ಉಪಕರಣ ಕೆಟ್ಟಿರುವುದು ಕಾರಣವಾಗಿರಲೇಬೇಕೆಂದಿಲ್ಲ. ಫ್ಲಾಶ್ ತನ್ನ ಬೆಳಕನ್ನು ಇನ್ನಷ್ಟು ಕಡಿಮೆ ಮಾಡಲಾರದ ಮಿತಿಯನ್ನು ತಲುಪಿರುವುದು, ಕ್ಯಾಮೆರಾದ ಬೆಳಕಿನ ಅಳತೆ ದಾರಿತಪ್ಪುವುದು, ಕ್ಯಾಮೆರಾ ಮತ್ತು ಫ್ಲಾಶ್‌ಗಳ ನಡುವಿನ ವಿದ್ಯುತ್ ಸಂಪರ್ಕ ಕಡಿದುಹೋಗುವುದು, ಹಾಗೂ ಸುತ್ತಲಿನ ಬೆಳಕು ಚಿತ್ರಕ್ಕೆ ಸೇರಿಕೊಳ್ಳುವುದು ಇದರ ನಾಲ್ಕು ಮುಖ್ಯ ಕಾರಣಗಳು. ಈ ನಾಲ್ಕಕ್ಕೂ ಪರಿಹಾರಗಳು ಬೇರೆ ಬೇರೆ. ಒಂದರ ಪರಿಹಾರವು ಮತ್ತೊಂದರಲ್ಲಿ ನಿಷ್ಫಲವಾಗುವುದರಿಂದ, ಪರಿಹಾರಕ್ಕೆ ಮೊದಲು ಕಾರಣವನ್ನು ಪತ್ತೆಮಾಡುವುದು ಅಗತ್ಯ.

## ಮಹತ್ವ

ಚಿತ್ರದಲ್ಲಿ ಬೆಳಕು ಕಡಿಮೆಯಾದರೆ ನೆರಳಿನ ಭಾಗದ ವಿವರಗಳನ್ನು ಗಣಕದಲ್ಲಿ ಸ್ವಲ್ಪಮಟ್ಟಿಗಾದರೂ ಮೇಲೆತ್ತಬಹುದು. ಬೆಳಕು ಮಿತಿಮೀರಿದರೆ ಹಾಗಲ್ಲ. ಡಿಜಿಟಲ್ ಸಂವೇದಕದ ಪ್ರತಿಯೊಂದು ಬಿಂದುವೂ ಒಂದು ಮಿತಿಯವರೆಗೆ ಮಾತ್ರ ಬೆಳಕನ್ನು ದಾಖಲಿಸುತ್ತದೆ. ಆ ಮಿತಿ ದಾಟಿದ ಮೇಲೆ ಅಲ್ಲಿ ಉಳಿಯುವುದು ಬರಿಯ ಬಿಳುಪು; ವಸ್ತುವಿನ ಬಣ್ಣವಾಗಲಿ ಮೇಲ್ಮೈಯ ರಚನೆಯಾಗಲಿ ದಾಖಲಾಗುವುದೇ ಇಲ್ಲ. ಫಿಲ್ಮ್ ಕಾಲದಲ್ಲಿ ಸ್ಲೈಡ್ ಫಿಲ್ಮ್ ಬಳಸುತ್ತಿದ್ದವರಿಗೂ ಇದೇ ತೊಡಕಿತ್ತು.

ನಿಕಟ ಛಾಯಾಗ್ರಹಣವನ್ನು ಹಲವು ಕಡೆ ದಾಖಲೆಗಾಗಿ ಬಳಸಲಾಗುತ್ತದೆ. ಕೀಟವೊಂದರ ರೆಕ್ಕೆಯ ಮೇಲಿನ ಮಸುಕು ಗೆರೆ, ಕಪ್ಪೆಯ ಚರ್ಮದ ಬಣ್ಣ, ಹಲ್ಲಿನ ಮೇಲಿನ ಬಿಳಿ ಕಲೆ, ಗಾಯದ ಅಂಚಿನ ಕೆಂಪು, ನಾಣ್ಯದ ಸವೆದ ಅಕ್ಷರ ಇವೆಲ್ಲ ಗುರುತಿಸುವಿಕೆಗೆ ಆಧಾರವಾಗುವ ವಿವರಗಳು. ಓವರ್ ಎಕ್ಸ್‌ಪೋಷರ್‌ನಲ್ಲಿ ಮೊದಲು ಕಳೆದುಹೋಗುವುದು ಇಂಥ ತಿಳಿಬಣ್ಣದ ಸೂಕ್ಷ್ಮ ವಿವರಗಳೇ. ಒಮ್ಮೆ ಹಾರಿಹೋದ ಕೀಟವನ್ನಾಗಲಿ ಚಿಕಿತ್ಸೆಗೆ ಮುಂಚಿನ ಗಾಯವನ್ನಾಗಲಿ ಮತ್ತೆ ಚಿತ್ರಿಸಲು ಸಾಧ್ಯವಿಲ್ಲ.

## ಇತಿಹಾಸ

ವಿದ್ಯುನ್ಮಾನ ಫ್ಲಾಶ್‌ನ ಬೆಳವಣಿಗೆಯಲ್ಲಿ ಅಮೆರಿಕದ ಮೆಸಾಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಪ್ರಮುಖವಾದವು. ಕೆಪಾಸಿಟರ್‌ನಲ್ಲಿ ಸಂಗ್ರಹಿಸಿದ ವಿದ್ಯುತ್ತನ್ನು ಅನಿಲ ತುಂಬಿದ ಕೊಳವೆಯ ಮೂಲಕ ಒಮ್ಮೆಲೇ ಹರಿಯಬಿಟ್ಟು ಅತ್ಯಲ್ಪ ಕಾಲದ ಮಿಂಚನ್ನು ಪಡೆಯುವ ಆ ವಿಧಾನವೇ ಇಂದಿನ ಕ್ಸೆನಾನ್ ಫ್ಲಾಶ್‌ಗೂ ಆಧಾರ.

ಆರಂಭದ ಫ್ಲಾಶ್‌ಗಳು ಪ್ರತಿ ಬಾರಿಯೂ ತಮ್ಮ ಪೂರ್ಣ ಬೆಳಕನ್ನು ಹೊರಸೂಸುತ್ತಿದ್ದವು. ಛಾಯಾಗ್ರಾಹಕನು ದೂರವನ್ನು ಅಳೆದು ಅಪರ್ಚರ್ ಅನ್ನು ತಾನೇ ಲೆಕ್ಕ ಹಾಕಬೇಕಾಗಿತ್ತು. ಮುಂದೆ ಬಂದ ಸ್ವಯಂಚಾಲಿತ ಫ್ಲಾಶ್‌ಗಳ ಮುಂಭಾಗದಲ್ಲಿ ಒಂದು ಸಣ್ಣ ಸಂವೇದಕವಿರುತ್ತಿತ್ತು. ವಸ್ತುವಿನಿಂದ ಮರಳಿ ಬಂದ ಬೆಳಕು ಸಾಕಷ್ಟಾದ ಕೂಡಲೇ ಅದು ಮಿಂಚನ್ನು ನಿಲ್ಲಿಸುತ್ತಿತ್ತು. ಮೊದಲ ಮಾದರಿಗಳಲ್ಲಿ ಉಳಿದ ವಿದ್ಯುತ್ತು ಇನ್ನೊಂದು ಕೊಳವೆಯ ಮೂಲಕ ವ್ಯರ್ಥವಾಗಿ ಹರಿದುಹೋಗುತ್ತಿತ್ತು. ಥೈರಿಸ್ಟರ್ ಬಳಕೆಗೆ ಬಂದ ಮೇಲೆ ಅದು ಮುಂದಿನ ಮಿಂಚಿಗಾಗಿ ಉಳಿಯತೊಡಗಿತು.

ನಿಕಟ ಛಾಯಾಗ್ರಹಣದ ಉಪಕರಣಗಳು ಬೇರೆಯೇ ದಾರಿಯಲ್ಲಿ ಬೆಳೆದವು. ದಂತವೈದ್ಯಕೀಯ ಚಿತ್ರಗಳಿಗಾಗಿ ಲೆಸ್ಟರ್ ಡೈನ್ 1952ರಲ್ಲಿ ಮಸೂರದ ಸುತ್ತ ಕೂರುವ ಉಂಗುರ ಫ್ಲಾಶ್ ಅನ್ನು ರೂಪಿಸಿದರು. 1975ರಲ್ಲಿ ಮಾರುಕಟ್ಟೆಗೆ ಬಂದ ಒಲಿಂಪಸ್ ಓಎಂ-2 ಕ್ಯಾಮೆರಾ, ಮಸೂರದ ಮೂಲಕ ಒಳಬಂದು ಫಿಲ್ಮ್‌ನ ಮೇಲೆ ಬಿದ್ದು ಪ್ರತಿಫಲಿಸುವ ಬೆಳಕನ್ನು ಚಿತ್ರ ತೆಗೆಯುತ್ತಿರುವ ಕ್ಷಣದಲ್ಲೇ ಅಳೆದು ಫ್ಲಾಶ್ ಅನ್ನು ನಿಲ್ಲಿಸುವ ವ್ಯವಸ್ಥೆಯನ್ನು ತಂದಿತು. ಮಸೂರದ ಮೂಲಕ ಅಳೆಯುವ ಇಂಥ ಕ್ರಮಕ್ಕೆ ಟಿಟಿಎಲ್ ಎಂಬ ಹೆಸರು ರೂಢಿಯಲ್ಲಿದೆ. ವರ್ಧನೆ ಹೆಚ್ಚಿದಂತೆ ನಷ್ಟವಾಗುವ ಬೆಳಕಿನ ಲೆಕ್ಕವೂ ಈ ಅಳತೆಯಲ್ಲಿ ತಾನಾಗಿಯೇ ಸೇರುವುದರಿಂದ ನಿಕಟ ಛಾಯಾಗ್ರಾಹಕರಿಗೆ ಇದು ದೊಡ್ಡ ಅನುಕೂಲವಾಯಿತು.

ಡಿಜಿಟಲ್ ಸಂವೇದಕದ ಮೇಲ್ಮೈ ಫಿಲ್ಮ್‌ನಂತೆ ಬೆಳಕನ್ನು ಚದುರಿಸಿ ಪ್ರತಿಫಲಿಸುವುದಿಲ್ಲ. ಆದ್ದರಿಂದ ಮುಖ್ಯ ಮಿಂಚಿಗೆ ಮೊದಲು ಒಂದು ಸಣ್ಣ ಪೂರ್ವಮಿಂಚನ್ನು ಹಾಯಿಸಿ, ಅದರ ಪ್ರತಿಫಲನವನ್ನು ಅಳೆದು, ಮುಖ್ಯ ಮಿಂಚಿನ ಪ್ರಮಾಣವನ್ನು ಮುಂಚಿತವಾಗಿ ನಿರ್ಧರಿಸುವ ವಿಧಾನ ರೂಢಿಗೆ ಬಂತು. ಕ್ಯಾನನ್ ಕಂಪನಿಯ ಇ-ಟಿಟಿಎಲ್ 1995ರಲ್ಲಿ ಫಿಲ್ಮ್ ಕ್ಯಾಮೆರಾದಲ್ಲೇ ಕಾಣಿಸಿಕೊಂಡಿತು; ಅದರ ಸುಧಾರಿತ ರೂಪವಾದ ಇ-ಟಿಟಿಎಲ್ 2 ಬಂದದ್ದು 2004ರಲ್ಲಿ. ನಿಕಾನ್ ಕಂಪನಿಯ ಐ-ಟಿಟಿಎಲ್ 2003ರಿಂದ ಬಳಕೆಯಲ್ಲಿದೆ.

## ಬೆಳಕಿನ ಲೆಕ್ಕ

### ವಿಲೋಮ ವರ್ಗ ನಿಯಮ ಮತ್ತು ಗೈಡ್ ಸಂಖ್ಯೆ

ಸಣ್ಣ ಬೆಳಕಿನ ಮೂಲದಿಂದ ದೂರ ಅರ್ಧವಾದರೆ ವಸ್ತುವಿನ ಮೇಲೆ ಬೀಳುವ ಬೆಳಕು ನಾಲ್ಕು ಪಟ್ಟಾಗುತ್ತದೆ. ದೂರ ನಾಲ್ಕನೆಯ ಒಂದು ಭಾಗವಾದರೆ ಬೆಳಕು ಹದಿನಾರು ಪಟ್ಟಾಗುತ್ತದೆ. ಇದೇ ವಿಲೋಮ ವರ್ಗ ನಿಯಮ. ಫ್ಲಾಶ್‌ನ ಸಾಮರ್ಥ್ಯವನ್ನು ಸೂಚಿಸುವ ಗೈಡ್ ಸಂಖ್ಯೆಯು ಈ ನಿಯಮವನ್ನೇ ಆಧರಿಸಿದೆ:

ಗೈಡ್ ಸಂಖ್ಯೆ = ದೂರ × ಎಫ್-ಸಂಖ್ಯೆ

ಉದಾಹರಣೆಗೆ, ಐಎಸ್‌ಒ 100ರಲ್ಲಿ ಮೀಟರ್ ಲೆಕ್ಕದ ಗೈಡ್ ಸಂಖ್ಯೆ 32 ಆಗಿರುವ ಒಂದು ಫ್ಲಾಶ್ ಅನ್ನು ತೆಗೆದುಕೊಳ್ಳಬಹುದು. ನಾಲ್ಕು ಮೀಟರ್ ದೂರದ ವಸ್ತುವಿಗೆ ಪೂರ್ಣ ಬೆಳಕಿನಲ್ಲಿ ಬೇಕಾಗುವ ಅಪರ್ಚರ್ ಎಫ್/8. ಅದೇ ಪೂರ್ಣ ಬೆಳಕಿಗೆ 25 ಸೆಂಟಿಮೀಟರ್ ದೂರದಲ್ಲಿ ಬೇಕಾಗುವುದು ಎಫ್/128. ಸಾಮಾನ್ಯ ಮಸೂರಗಳಲ್ಲಿ ಇಂಥ ಅಪರ್ಚರ್ ಇರುವುದೇ ಇಲ್ಲ. ಹೀಗಾಗಿ ಹತ್ತಿರದಲ್ಲಿ ಫ್ಲಾಶ್ ತನ್ನ ಬೆಳಕನ್ನು ಬಹಳವಾಗಿ ಕುಗ್ಗಿಸಲೇಬೇಕು.

### ಕನಿಷ್ಠ ಬೆಳಕಿನ ಮಿತಿ

ಫ್ಲಾಶ್ ತನ್ನ ಬೆಳಕನ್ನು ಕಡಿಮೆ ಮಾಡುವುದು ಮಿಂಚಿನ ಅವಧಿಯನ್ನು ಮೊಟಕುಗೊಳಿಸುವ ಮೂಲಕ. ನಿಕಾನ್ ಎಸ್‌ಬಿ-800 ಫ್ಲಾಶ್‌ನಲ್ಲಿ ಪೂರ್ಣ ಮಿಂಚಿನ ಅವಧಿ ಸುಮಾರು 1/1050 ಸೆಕೆಂಡ್. 1/128 ಪ್ರಮಾಣಕ್ಕೆ ಇಳಿಸಿದಾಗ ಅದು ಸುಮಾರು 1/41600 ಸೆಕೆಂಡ್. ಇದಕ್ಕಿಂತ ಬೇಗನೆ ಮಿಂಚನ್ನು ಕತ್ತರಿಸುವುದು ಮಂಡಲದ ಶಕ್ತಿಗೆ ಮೀರಿದ್ದು. ಸ್ವಯಂಚಾಲಿತ ಸ್ಥಿತಿಯಲ್ಲಿ ಇದೇ ಫ್ಲಾಶ್‌ನ ಬಳಕೆಯ ವ್ಯಾಪ್ತಿ 0.6 ಮೀಟರ್‌ನಿಂದ ಆರಂಭವಾಗುತ್ತದೆ ಎಂದು ತಯಾರಕರು ಸೂಚಿಸಿರುವುದು ಗಮನಾರ್ಹ. ನಿಕಟ ಛಾಯಾಗ್ರಹಣ ನಡೆಯುವುದು ಬಹುಪಾಲು ಆ ಗಡಿಯ ಒಳಗೇ.

ಮೇಲಿನ ಉದಾಹರಣೆಯ ಫ್ಲಾಶ್‌ನ ಕನಿಷ್ಠ ಪ್ರಮಾಣ 1/64 ಎಂದಿಟ್ಟುಕೊಂಡರೆ, ಆಗ ಅದರ ಗೈಡ್ ಸಂಖ್ಯೆ 32ನ್ನು 64ರ ವರ್ಗಮೂಲವಾದ 8ರಿಂದ ಭಾಗಿಸಿ ಬರುವ 4. ದೂರ 25 ಸೆಂಟಿಮೀಟರ್ ಆದರೆ ಬೇಕಾಗುವ ಅಪರ್ಚರ್ ಎಫ್/16. ಛಾಯಾಗ್ರಾಹಕನು ಎಫ್/5.6 ಇಟ್ಟಿದ್ದರೆ ಚಿತ್ರಕ್ಕೆ ಮೂರು ಸ್ಟಾಪ್, ಅಂದರೆ ಎಂಟು ಪಟ್ಟು, ಹೆಚ್ಚು ಬೆಳಕು ಬೀಳುತ್ತದೆ. ಐಎಸ್‌ಒ 400ಕ್ಕೆ ಏರಿಸಿದ್ದರೆ ಇದಕ್ಕೆ ಇನ್ನೂ ಎರಡು ಸ್ಟಾಪ್ ಸೇರುತ್ತದೆ. ಅಳತೆ ಎಷ್ಟೇ ನಿಖರವಾಗಿದ್ದರೂ ಇಲ್ಲಿ ಫ್ಲಾಶ್ ನಿರುಪಾಯ.

ಬೆಳಕಿನ ಮೂಲದ ಗಾತ್ರಕ್ಕೆ ಹೋಲಿಸಿದರೆ ದೂರವು ತೀರ ಕಡಿಮೆಯಾದಾಗ ವಿಲೋಮ ವರ್ಗ ನಿಯಮ ಚಾಚೂ ತಪ್ಪದೆ ಅನ್ವಯವಾಗುವುದಿಲ್ಲ. ಆದ್ದರಿಂದ ಈ ಲೆಕ್ಕಗಳನ್ನು ಪ್ರಯೋಗಕ್ಕೆ ಆರಂಭದ ಅಂದಾಜುಗಳೆಂದು ಭಾವಿಸಬೇಕು.

### ವರ್ಧನೆಯಿಂದಾಗುವ ಬೆಳಕಿನ ನಷ್ಟ

ಮಸೂರವನ್ನು ಸಂವೇದಕದಿಂದ ದೂರ ಚಾಚಿ ಹತ್ತಿರದ ವಸ್ತುವನ್ನು ಸ್ಪಷ್ಟಗೊಳಿಸಿದಾಗ ಸಂವೇದಕಕ್ಕೆ ತಲುಪುವ ಬೆಳಕು ಕಡಿಮೆಯಾಗುತ್ತದೆ. ಇದನ್ನು ಸ್ಥೂಲವಾಗಿ ಹೀಗೆ ಲೆಕ್ಕ ಹಾಕುತ್ತಾರೆ:

ಪರಿಣಾಮಕಾರಿ ಎಫ್-ಸಂಖ್ಯೆ = ಸೂಚಿತ ಎಫ್-ಸಂಖ್ಯೆ × (1 + ವರ್ಧನೆ)

| ವರ್ಧನೆ | ಎಫ್/8 ಇಟ್ಟಾಗ ಪರಿಣಾಮಕಾರಿ ಎಫ್-ಸಂಖ್ಯೆ | ಬೆಳಕಿನ ನಷ್ಟ (ಸುಮಾರು) |
|---|---|---|
| ಕಾಲು ಪಟ್ಟು | ಎಫ್/10 | 0.6 ಸ್ಟಾಪ್ |
| ಅರ್ಧ ಪಟ್ಟು | ಎಫ್/12 | 1.2 ಸ್ಟಾಪ್ |
| ಸಮಗಾತ್ರ | ಎಫ್/16 | 2 ಸ್ಟಾಪ್ |
| ಎರಡು ಪಟ್ಟು | ಎಫ್/24 | 3.2 ಸ್ಟಾಪ್ |

ಈ ನಷ್ಟವು ಓವರ್ ಎಕ್ಸ್‌ಪೋಷರ್‌ಗೆ ಎದುರಾಗಿ ಕೆಲಸ ಮಾಡುತ್ತದೆ. ಆದ್ದರಿಂದಲೇ ಸಮಗಾತ್ರದ ವರ್ಧನೆಯಲ್ಲಿ ಸರಿಯಾಗಿ ಬರುವ ಚಿತ್ರವು ಕಾಲು ಪಟ್ಟಿನ ವರ್ಧನೆಯಲ್ಲಿ, ಫ್ಲಾಶ್ ಮಾತ್ರ ಅಷ್ಟೇ ಹತ್ತಿರದಲ್ಲಿದ್ದರೆ, ಬೆಳ್ಳಗಾಗುವುದುಂಟು.

## ಕಾರಣಗಳು

### ಮಿತಿಯ ದೋಷ

ಮೇಲೆ ವಿವರಿಸಿದಂತೆ ಫ್ಲಾಶ್ ತನ್ನ ಕನಿಷ್ಠ ಬೆಳಕನ್ನೇ ನೀಡುತ್ತಿದ್ದರೂ ಅದು ಹೆಚ್ಚಾಗುವ ಸ್ಥಿತಿ ಇದು. ಹೆಚ್ಚು ಸಾಮರ್ಥ್ಯದ ಫ್ಲಾಶ್, ಅಗಲವಾದ ಅಪರ್ಚರ್, ಹೆಚ್ಚಿನ ಐಎಸ್‌ಒ ಇವು ಒಟ್ಟುಗೂಡಿದಾಗ ಇದು ಕಾಣಿಸುತ್ತದೆ. ಐಎಸ್‌ಒ ಆಯ್ಕೆಯನ್ನು ಕ್ಯಾಮೆರಾಕ್ಕೆ ಬಿಟ್ಟಿದ್ದರೆ, ಮಬ್ಬು ಬೆಳಕಿನಲ್ಲಿ ಅದು ತಾನಾಗಿಯೇ ಏರಿ ಛಾಯಾಗ್ರಾಹಕನ ಅರಿವಿಗೆ ಬಾರದಂತೆ ಈ ದೋಷಕ್ಕೆ ಎಡೆಮಾಡಿಕೊಡಬಹುದು.

### ಅಳತೆಯ ದೋಷ

ಕ್ಯಾಮೆರಾದ ಬೆಳಕಿನ ಅಳತೆಯು ಮುಂದಿರುವ ದೃಶ್ಯ ಒಟ್ಟಾರೆ ನಡುಬೂದು ಬಣ್ಣದ್ದೆಂಬ ಊಹೆಯನ್ನು ಆಧರಿಸಿದೆ. ನಿಕಟ ಛಾಯಾಗ್ರಹಣದಲ್ಲಿ ಈ ಊಹೆ ಸುಲಭವಾಗಿ ಹುಸಿಯಾಗುತ್ತದೆ. ಫ್ಲಾಶ್‌ನಿಂದ 20 ಸೆಂಟಿಮೀಟರ್ ದೂರದಲ್ಲಿ ಒಂದು ಕೀಟವಿದ್ದು, ಹಿಂದಿನ ಎಲೆಗಳು 80 ಸೆಂಟಿಮೀಟರ್ ದೂರದಲ್ಲಿದ್ದರೆ ಅವುಗಳಿಗೆ ಸಿಗುವುದು ಕೀಟಕ್ಕೆ ಸಿಗುವ ಬೆಳಕಿನ ಹದಿನಾರನೆಯ ಒಂದು ಭಾಗ ಮಾತ್ರ. ಹಿನ್ನೆಲೆ ಕಪ್ಪಾಗುತ್ತದೆ. ಚೌಕಟ್ಟಿನ ಕಾಲುಭಾಗವನ್ನಷ್ಟೇ ಕೀಟ ತುಂಬಿದ್ದು ಉಳಿದುದೆಲ್ಲ ಕಪ್ಪಾಗಿದ್ದರೆ, ಸರಾಸರಿ ಅಳತೆಯು ಬೆಳಕು ಸಾಲದೆಂದು ತಿಳಿದು ಹೆಚ್ಚೆಂದರೆ ನಾಲ್ಕು ಪಟ್ಟಿನವರೆಗೆ ಬೆಳಕನ್ನು ಏರಿಸಬಹುದು. ಆಗ ಕಪ್ಪು ಹಿನ್ನೆಲೆ ಕಪ್ಪಾಗಿಯೇ ಉಳಿದು ಕೀಟ ಮಾತ್ರ ಬಿಳಿಚಿಕೊಳ್ಳುತ್ತದೆ.

ಅಳತೆ ತಪ್ಪುವ ಇತರ ಸಂದರ್ಭಗಳು ಹೀಗಿವೆ:

* ಫ್ಲಾಶ್‌ನ ಮುಂಭಾಗದ ಸಂವೇದಕವನ್ನೇ ನೆಚ್ಚಿದ ಸ್ವಯಂಚಾಲಿತ ಸ್ಥಿತಿಯಲ್ಲಿ, ಸಂವೇದಕ ನೋಡುವ ಜಾಗವೇ ಬೇರೆ, ಮಸೂರ ನೋಡುವ ಜಾಗವೇ ಬೇರೆ. ದೂರದಲ್ಲಿ ನಗಣ್ಯವಾದ ಈ ಅಂತರ ಹತ್ತಿರದಲ್ಲಿ ದೊಡ್ಡದಾಗುತ್ತದೆ. ಸಂವೇದಕವು ವಸ್ತುವಿನ ಮೇಲಿಂದ ಹಾದು ದೂರದ ಕತ್ತಲನ್ನು ನೋಡುತ್ತಿದ್ದರೆ ಫ್ಲಾಶ್ ಬೆಳಕನ್ನು ಏರಿಸುತ್ತದೆ.
* ಬೆಳಕನ್ನು ಮೃದುಗೊಳಿಸಲು ಕಟ್ಟಿದ ಬಿಳಿ ಹಾಳೆ, ಮಸೂರದ ಹುಡ್ ಅಥವಾ ಬೆರಳು ಆ ಸಂವೇದಕಕ್ಕೆ ಅಡ್ಡವಾದರೂ ಫಲ ಇದೇ.
* ಕೆಲವು ವ್ಯವಸ್ಥೆಗಳು ಮಸೂರವು ತಿಳಿಸುವ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ವಿಸ್ತರಣಾ ಕೊಳವೆ ಅಥವಾ ಮುಂಭಾಗದ ಕ್ಲೋಸ್-ಅಪ್ ಮಸೂರ ಜೋಡಿಸಿದಾಗ, ತಿಳಿಸಿದ ದೂರ ನಿಜವಾದ ದೂರಕ್ಕಿಂತ ಹೆಚ್ಚಿರುತ್ತದೆ. ದೂರದ ವಸ್ತುವೆಂದು ಭಾವಿಸಿ ಬೆಳಕು ಏರುವ ಸಾಧ್ಯತೆಯಿದೆ.
* ಹಿಂದಿನ ಚಿತ್ರಕ್ಕಾಗಿ ಇಟ್ಟ ಫ್ಲಾಶ್ ಕಾಂಪೆನ್ಸೇಷನ್ ಹಾಗೆಯೇ ಉಳಿದಿರಬಹುದು. ಕ್ಯಾಮೆರಾದಲ್ಲೂ ಫ್ಲಾಶ್‌ನಲ್ಲೂ ಇದನ್ನು ಬೇರೆ ಬೇರೆಯಾಗಿ ಇಡಬಹುದಾದ್ದರಿಂದ ಎರಡನ್ನೂ ನೋಡಬೇಕು.

### ಸಂಪರ್ಕದ ದೋಷ

ಕ್ಯಾಮೆರಾದ ಮೇಲ್ಭಾಗದ ಹಾಟ್ ಶೂನಲ್ಲಿ ನಡುವಿನ ದೊಡ್ಡ ಸಂಪರ್ಕವು ಫ್ಲಾಶ್ ಹೊತ್ತಿಸುವ ಆಜ್ಞೆಯನ್ನಷ್ಟೇ ಒಯ್ಯುತ್ತದೆ. ಬೆಳಕಿನ ಪ್ರಮಾಣದ ಮಾಹಿತಿ ಹರಿಯುವುದು ಉಳಿದ ಸಣ್ಣ ಸಂಪರ್ಕಗಳಲ್ಲಿ. ಇವುಗಳ ಮೇಲೆ ಕೊಳೆ, ಬೆವರಿನ ಉಪ್ಪು ಅಥವಾ ಕಿಲುಬು ಕೂತರೆ, ಫ್ಲಾಶ್ ಪೂರ್ತಿಯಾಗಿ ಕೂರದಿದ್ದರೆ, ಅಥವಾ ತಂತಿಯೊಳಗೆ ಎಳೆ ತುಂಡಾಗಿದ್ದರೆ ಫ್ಲಾಶ್ ಹೊತ್ತಿಕೊಳ್ಳುತ್ತದೆ. ಆದರೆ ನಿಲ್ಲಿಸುವ ಸೂಚನೆ ತಲುಪದೆ ತನ್ನ ಪೂರ್ಣ ಬೆಳಕನ್ನು ಸುರಿಯಬಹುದು. ಈ ಸಣ್ಣ ಸಂಪರ್ಕಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ, ಒಂದು ಕಂಪನಿಗಾಗಿ ತಯಾರಾದ ಫ್ಲಾಶ್ ಅನ್ನು ಇನ್ನೊಂದರ ಕ್ಯಾಮೆರಾಕ್ಕೆ ಹಾಕಿದಾಗಲೂ ಹೀಗಾಗುತ್ತದೆ.

ಮಸೂರ ಮತ್ತು ಕ್ಯಾಮೆರಾ ನಡುವಿನ ಸಂಪರ್ಕವೂ ಅಷ್ಟೇ ಮುಖ್ಯ. ವಿದ್ಯುತ್ ಸಂಪರ್ಕವಿಲ್ಲದ ಅಗ್ಗದ ವಿಸ್ತರಣಾ ಕೊಳವೆಗಳನ್ನು ಬಳಸಿದರೆ ಆಧುನಿಕ ಮಸೂರದ ಅಪರ್ಚರ್ ಪೂರ್ತಿ ತೆರೆದೇ ಉಳಿಯುತ್ತದೆ. ಅಪರ್ಚರ್‌ನ ಎಲೆಗಳಿಗೆ ಎಣ್ಣೆ ಅಂಟಿ ಅವು ಮುಚ್ಚಿಕೊಳ್ಳದಿದ್ದರೂ ದೋಷ ತಲೆದೋರುತ್ತದೆ. ಪೂರ್ವಮಿಂಚಿನ ಅಳತೆಯು ಅಪರ್ಚರ್ ತೆರೆದಿರುವಾಗ ನಡೆದು, ಮುಖ್ಯ ಮಿಂಚು ಎಫ್/16ಕ್ಕೆಂದು ಲೆಕ್ಕ ಹಾಕಲ್ಪಟ್ಟು, ಅಪರ್ಚರ್ ಮಾತ್ರ ಎಫ್/2.8ರಲ್ಲೇ ಸಿಕ್ಕಿಕೊಂಡಿದ್ದರೆ ಐದು ಸ್ಟಾಪ್‌ಗಳ ಓವರ್ ಎಕ್ಸ್‌ಪೋಷರ್ ಆಗುತ್ತದೆ.

### ಸುತ್ತಲಿನ ಬೆಳಕು

ಪರದೆ ಷಟರ್ ಇರುವ ಕ್ಯಾಮೆರಾಗಳಲ್ಲಿ ಫ್ಲಾಶ್ ಜೊತೆಗೆ ಬಳಸಬಹುದಾದ ಷಟರ್ ವೇಗ ಸಾಮಾನ್ಯವಾಗಿ 1/200 ಅಥವಾ 1/250 ಸೆಕೆಂಡಿಗೆ ಸೀಮಿತ. ಬಿಸಿಲಿನಲ್ಲಿ ಅಗಲ ಅಪರ್ಚರ್ ಇಟ್ಟರೆ ಫ್ಲಾಶ್ ಇಲ್ಲದೆಯೂ ಆ ವೇಗದಲ್ಲಿ ಚಿತ್ರ ಬೆಳ್ಳಗಾಗುತ್ತದೆ. ಇದನ್ನು ಫ್ಲಾಶ್‌ನ ದೋಷವೆಂದು ತಪ್ಪಾಗಿ ತಿಳಿಯುವುದು ಸಾಮಾನ್ಯ.

## ಕಾರಣ ಪತ್ತೆಯ ಕ್ರಮ

ಅಲುಗಾಡದ ಒಂದು ವಸ್ತುವನ್ನು, ಸಾಧ್ಯವಾದರೆ ಚೌಕಟ್ಟನ್ನು ಪೂರ್ತಿ ತುಂಬುವ ಬೂದು ಹಲಗೆಯನ್ನು, ದೋಷ ಕಂಡ ದೂರದಲ್ಲೇ ಇಟ್ಟು ಈ ಪರೀಕ್ಷೆಗಳನ್ನು ನಡೆಸಬಹುದು. ಕ್ಯಾಮೆರಾವನ್ನು ಮ್ಯಾನ್ಯುಯಲ್ ಸ್ಥಿತಿಯಲ್ಲಿಟ್ಟು ಐಎಸ್‌ಒ 100, ಷಟರ್ 1/200 ಸೆಕೆಂಡ್, ಅಪರ್ಚರ್ ಎಫ್/8 ಎಂದು ನಿಗದಿಪಡಿಸಬೇಕು. ಐಎಸ್‌ಒ ತಾನಾಗಿ ಬದಲಾಗದಂತೆ ನೋಡಿಕೊಳ್ಳಬೇಕು. ಫಲಿತಾಂಶವನ್ನು ಕ್ಯಾಮೆರಾದ ಪರದೆಯ ಹೊಳಪಿನಿಂದ ಅಳೆಯದೆ ಹಿಸ್ಟೋಗ್ರಾಂನಿಂದ ಅಳೆಯಬೇಕು.

1. ಫ್ಲಾಶ್ ಆರಿಸಿ ಒಂದು ಚಿತ್ರ ತೆಗೆಯುವುದು. ಚಿತ್ರ ಬಹುತೇಕ ಕಪ್ಪಾಗಿ ಬರಬೇಕು. ವಸ್ತು ಸ್ಪಷ್ಟವಾಗಿ ಕಂಡರೆ ಸುತ್ತಲಿನ ಬೆಳಕೂ ಚಿತ್ರದಲ್ಲಿ ಪಾಲು ಪಡೆಯುತ್ತಿದೆ.
2. ಫ್ಲಾಶ್ ಅನ್ನು ಸ್ವಯಂಚಾಲಿತ ಸ್ಥಿತಿಯಲ್ಲಿಟ್ಟು, ಕಾಂಪೆನ್ಸೇಷನ್ ಸೊನ್ನೆಯಲ್ಲಿ ಒಂದು ಮತ್ತು −2ರಲ್ಲಿ ಇನ್ನೊಂದು ಚಿತ್ರ ತೆಗೆಯುವುದು. ಎರಡನೆಯದು ಗಮನಾರ್ಹವಾಗಿ ಕಪ್ಪಾದರೆ ನಿಯಂತ್ರಣ ಕೆಲಸ ಮಾಡುತ್ತಿದೆ. ಎರಡೂ ಒಂದೇ ಆಗಿದ್ದರೆ ಫ್ಲಾಶ್ ಕನಿಷ್ಠ ಮಿತಿಯಲ್ಲಿದೆ ಅಥವಾ ಆಜ್ಞೆ ಅದಕ್ಕೆ ತಲುಪುತ್ತಿಲ್ಲ.
3. ಕಾಂಪೆನ್ಸೇಷನ್ ಸೊನ್ನೆಗೆ ತಂದು ಎಫ್/8ರಲ್ಲಿ ಒಂದು, ಎಫ್/16ರಲ್ಲಿ ಒಂದು ಚಿತ್ರ ತೆಗೆಯುವುದು. ಎರಡರ ಬೆಳಕೂ ಸಮವಾಗಿದ್ದರೆ ವ್ಯವಸ್ಥೆ ತನ್ನ ಲೆಕ್ಕದಂತೆ ಸರಿಯಾಗಿ ನಡೆಯುತ್ತಿದೆ. ಆದರೂ ಮೂಲ ಚಿತ್ರ ಬೆಳ್ಳಗಿದ್ದರೆ ತಪ್ಪು ಅಳತೆಯದು. ಎಫ್/16ರ ಚಿತ್ರ ಕಪ್ಪಾದರೆ ಫ್ಲಾಶ್ ಮಿತಿಯಲ್ಲಿದೆ ಅಥವಾ ನಿಯಂತ್ರಣ ತಪ್ಪಿದೆ. ಪೂರ್ವಮಿಂಚಿನ ವ್ಯವಸ್ಥೆಯಲ್ಲಿ ಎಫ್/16ರ ಚಿತ್ರ ಇನ್ನಷ್ಟು ಬೆಳ್ಳಗಾದರೆ ಅಪರ್ಚರ್ ಮುಚ್ಚಿಕೊಳ್ಳುತ್ತಿಲ್ಲ.
4. ಫ್ಲಾಶ್ ಅನ್ನು ಮ್ಯಾನ್ಯುಯಲ್ ಸ್ಥಿತಿಗೆ ತಂದು ಅದರ ಕನಿಷ್ಠ ಪ್ರಮಾಣದಲ್ಲಿ ಚಿತ್ರ ತೆಗೆಯುವುದು. ಅದು ಸ್ವಯಂಚಾಲಿತ ಚಿತ್ರದಷ್ಟೇ ಬೆಳ್ಳಗಿದ್ದರೆ ದೋಷ ಮಿತಿಯದು. ಬಹಳ ಕಪ್ಪಾಗಿದ್ದರೆ ಸ್ವಯಂಚಾಲಿತ ಸ್ಥಿತಿಯಲ್ಲಿ ಫ್ಲಾಶ್ ಅನಗತ್ಯವಾಗಿ ಹೆಚ್ಚು ಬೆಳಕು ಸೂಸುತ್ತಿದೆ.

ಫ್ಲಾಶ್ ಮರಳಿ ಸಿದ್ಧವಾಗಲು ಹಿಡಿಯುವ ಸಮಯವೂ ಒಂದು ಸುಳಿವು. ಕನಿಷ್ಠ ಬೆಳಕು ಸೂಸಿದ ಫ್ಲಾಶ್‌ನ ಸಿದ್ಧದೀಪ ತಕ್ಷಣ ಹೊತ್ತಿಕೊಳ್ಳುತ್ತದೆ. ಪೂರ್ಣ ಬೆಳಕು ಸುರಿದ ಫ್ಲಾಶ್ ಜೋರಾದ ಸದ್ದು ಮಾಡಿ, ಹಲವು ಸೆಕೆಂಡುಗಳ ಕಾಲ ಮತ್ತೆ ವಿದ್ಯುತ್ ತುಂಬಿಕೊಳ್ಳುತ್ತದೆ. ಇಪ್ಪತ್ತೈದು ಸೆಂಟಿಮೀಟರ್ ದೂರದ ವಸ್ತುವಿಗೆ ಪ್ರತಿ ಬಾರಿಯೂ ಹೀಗೆ ಕಾಯಬೇಕಾಗಿ ಬಂದರೆ ಮೊದಲು ಸಂಪರ್ಕಗಳನ್ನು ಶಂಕಿಸಬೇಕು.

## ಪರಿಹಾರಗಳು

| ಕಂಡುಬರುವ ಲಕ್ಷಣ | ಸಂಭಾವ್ಯ ಕಾರಣ | ಪರಿಹಾರ |
|---|---|---|
| ಕಾಂಪೆನ್ಸೇಷನ್ ಬದಲಿಸಿದರೂ ವ್ಯತ್ಯಾಸವಿಲ್ಲ, ಫ್ಲಾಶ್ ತಕ್ಷಣ ಸಿದ್ಧ | ಕನಿಷ್ಠ ಮಿತಿ | ಕಿರಿದಾದ ಅಪರ್ಚರ್, ಕಡಿಮೆ ಐಎಸ್‌ಒ, ಬೆಳಕು ತಗ್ಗಿಸುವ ಪರದೆ |
| ಕಾಂಪೆನ್ಸೇಷನ್ ಬದಲಿಸಿದರೂ ವ್ಯತ್ಯಾಸವಿಲ್ಲ, ಫ್ಲಾಶ್ ಸಿದ್ಧವಾಗಲು ತಡ | ಸಂಪರ್ಕ ದೋಷ | ಸಂಪರ್ಕಗಳ ಶುಚಿ, ತಂತಿಯ ಪರೀಕ್ಷೆ |
| ಕಾಂಪೆನ್ಸೇಷನ್‌ಗೆ ಸ್ಪಂದಿಸುತ್ತದೆ, ಕಪ್ಪು ಹಿನ್ನೆಲೆಯಲ್ಲಿ ಮಾತ್ರ ದೋಷ | ಅಳತೆಯ ದೋಷ | −1 ಸ್ಟಾಪ್‌ನಿಂದ ಆರಂಭಿಸಿದ ಕಾಂಪೆನ್ಸೇಷನ್, ಎಕ್ಸ್‌ಪೋಷರ್ ಲಾಕ್ |
| ಅಪರ್ಚರ್ ಕಿರಿದಾಗಿಸಿದಂತೆ ಚಿತ್ರ ಬೆಳ್ಳಗಾಗುತ್ತದೆ | ಅಪರ್ಚರ್ ಸಿಕ್ಕಿಕೊಂಡಿದೆ | ಮಸೂರದ ದುರಸ್ತಿ, ಸಂಪರ್ಕವಿರುವ ಕೊಳವೆ |
| ಫ್ಲಾಶ್ ಇಲ್ಲದೆಯೂ ಚಿತ್ರ ಬೆಳ್ಳಗೆ | ಸುತ್ತಲಿನ ಬೆಳಕು | ಕಡಿಮೆ ಐಎಸ್‌ಒ, ನೆರಳು, ಹೈಸ್ಪೀಡ್ ಸಿಂಕ್ |

### ಮಿತಿಯ ದೋಷಕ್ಕೆ

ಅಪರ್ಚರ್ ಕಿರಿದಾಗಿಸುವುದು ಮತ್ತು ಐಎಸ್‌ಒ ಇಳಿಸುವುದು ಮೊದಲ ಉಪಾಯ. ಆದರೆ ಅಪರ್ಚರ್ ತೀರ ಕಿರಿದಾದರೆ ವಿವರ್ತನೆಯಿಂದ ಚಿತ್ರದ ಮೊನಚು ಕಡಿಮೆಯಾಗುತ್ತದೆ. ಸಮಗಾತ್ರದ ವರ್ಧನೆಯಲ್ಲಿ ಎಫ್/22 ಎಂದರೆ ಪರಿಣಾಮಕಾರಿಯಾಗಿ ಎಫ್/44 ಎಂಬುದನ್ನು ಮರೆಯಬಾರದು. ಅದಕ್ಕಿಂತ, ಫ್ಲಾಶ್‌ನ ಬೆಳಕನ್ನೇ ತಗ್ಗಿಸುವುದು ಮೇಲು. ಫ್ಲಾಶ್‌ನ ಮುಂದೆ ಬಿಳಿ ಪ್ಲಾಸ್ಟಿಕ್ ಪರದೆ ಅಥವಾ ತೆಳು ಬಿಳಿ ಬಟ್ಟೆ ಹಿಡಿಯುವುದು, ಫ್ಲಾಶ್‌ನ ಜೂಮ್ ತಲೆಯನ್ನು ಅಗಲ ಕೋನಕ್ಕೆ ತರುವುದು, ಫ್ಲಾಶ್ ಅನ್ನು ತಂತಿಯ ಮೂಲಕ ಕ್ಯಾಮೆರಾದಿಂದ ಬೇರ್ಪಡಿಸಿ ವಸ್ತುವಿನಿಂದ ದೂರ ಸರಿಸುವುದು, ಬಿಳಿ ಹಲಗೆಯ ಮೇಲೆ ಬೆಳಕನ್ನು ಬೀಳಿಸಿ ಪ್ರತಿಫಲನವನ್ನು ಬಳಸುವುದು ರೂಢಿಯಲ್ಲಿರುವ ಕ್ರಮಗಳು. ಅಗಲ ಅಪರ್ಚರ್ ಬೇಕೇ ಬೇಕಾದಾಗ ಮಸೂರಕ್ಕೆ ನ್ಯೂಟ್ರಲ್ ಡೆನ್ಸಿಟಿ ಶೋಧಕವನ್ನು ಹಾಕಬಹುದು.

ನಿಕಟ ಛಾಯಾಗ್ರಹಣಕ್ಕೆಂದೇ ತಯಾರಾದ ಫ್ಲಾಶ್‌ಗಳ ಸಾಮರ್ಥ್ಯವನ್ನು ಉದ್ದೇಶಪೂರ್ವಕವಾಗಿ ಕಡಿಮೆ ಇಟ್ಟಿರುತ್ತಾರೆ. ಕ್ಯಾನನ್ ಎಂಆರ್-14ಇಎಕ್ಸ್ ಉಂಗುರ ಫ್ಲಾಶ್‌ನ ಗೈಡ್ ಸಂಖ್ಯೆ 14. ನಿಕಾನ್ ಎಸ್‌ಬಿ-ಆರ್200 ಫ್ಲಾಶ್‌ನದು 10. ಎರಡನೆಯದನ್ನು 1/64 ಪ್ರಮಾಣಕ್ಕೆ ಇಳಿಸಿದರೆ ಗೈಡ್ ಸಂಖ್ಯೆ 1.25 ಆಗುತ್ತದೆ. ಹತ್ತು ಸೆಂಟಿಮೀಟರ್ ದೂರದಲ್ಲೂ ಅದಕ್ಕೆ ಸುಮಾರು ಎಫ್/12ರ ಅಪರ್ಚರ್ ಸಾಕು.

### ಅಳತೆಯ ದೋಷಕ್ಕೆ

ಅಳತೆಯ ದೋಷವಿರುವಾಗ ಮೇಲಿನ ಉಪಾಯಗಳು ಫಲ ಕೊಡುವುದಿಲ್ಲ. ಟಿಟಿಎಲ್ ವ್ಯವಸ್ಥೆಯು ಪರದೆಯಿಂದಾಗಲಿ ಕಿರಿದಾದ ಅಪರ್ಚರ್‌ನಿಂದಾಗಲಿ ಆದ ನಷ್ಟವನ್ನು ಅಳೆದು, ಅಷ್ಟೇ ಪ್ರಮಾಣದಲ್ಲಿ ಮಿಂಚನ್ನು ಏರಿಸಿ, ಮತ್ತೆ ಅದೇ ತಪ್ಪು ಫಲಿತಾಂಶವನ್ನು ನೀಡುತ್ತದೆ. ಇಲ್ಲಿ ಬದಲಿಸಬೇಕಾದದ್ದು ಅಳತೆಯ ಗುರಿ. ಕಪ್ಪು ಹಿನ್ನೆಲೆಯ ಸಣ್ಣ ವಸ್ತುವಿಗೆ ಫ್ಲಾಶ್ ಕಾಂಪೆನ್ಸೇಷನ್ ಅನ್ನು −1 ಸ್ಟಾಪ್‌ಗೆ ಇಟ್ಟು ಹಿಸ್ಟೋಗ್ರಾಂ ನೋಡಿ ತಿದ್ದಿಕೊಳ್ಳಬಹುದು. ಫ್ಲಾಶ್ ಎಕ್ಸ್‌ಪೋಷರ್ ಲಾಕ್ ಸೌಲಭ್ಯವಿದ್ದರೆ ವಸ್ತುವನ್ನು ಚೌಕಟ್ಟಿನ ನಡುವೆ ತಂದು ಅಳತೆಯನ್ನು ಹಿಡಿದಿಟ್ಟು, ಆಮೇಲೆ ಚಿತ್ರವನ್ನು ಸಂಯೋಜಿಸಬಹುದು. ಹಿನ್ನೆಲೆಯಲ್ಲಿ ಒಂದು ಎಲೆಯನ್ನೋ ಬೂದು ಹಾಳೆಯನ್ನೋ ವಸ್ತುವಿನ ಹತ್ತಿರಕ್ಕೆ ತಂದರೆ ಕತ್ತಲೆಯೇ ಇಲ್ಲವಾಗಿ ಅಳತೆಯೂ ಸರಿಹೋಗುತ್ತದೆ.

ದೂರ ಮತ್ತು ವರ್ಧನೆ ಬದಲಾಗದ ಕೆಲಸಗಳಲ್ಲಿ ಸ್ವಯಂಚಾಲಿತ ವ್ಯವಸ್ಥೆಯನ್ನು ಬಿಟ್ಟು ಫ್ಲಾಶ್ ಅನ್ನು ಮ್ಯಾನ್ಯುಯಲ್ ಸ್ಥಿತಿಯಲ್ಲಿ ಬಳಸುವುದೇ ಹೆಚ್ಚು ನಂಬಲರ್ಹ. ಹಲ್ಲಿನ ಚಿತ್ರಗಳು, ನಾಣ್ಯ ಮತ್ತು ಮಾದರಿಗಳ ದಾಖಲೀಕರಣದಲ್ಲಿ ಒಮ್ಮೆ ಬೂದು ಹಲಗೆಯಿಂದ ನಿರ್ಧರಿಸಿದ ಪ್ರಮಾಣವು ವಸ್ತು ಕಪ್ಪಿರಲಿ ಬಿಳಿಯಿರಲಿ ಬದಲಾಗುವುದಿಲ್ಲ. ಬೇರೆ ಬೇರೆ ದಿನ ತೆಗೆದ ಚಿತ್ರಗಳನ್ನು ಹೋಲಿಸಲೂ ಇದರಿಂದ ಸಾಧ್ಯವಾಗುತ್ತದೆ.

### ಸಂಪರ್ಕದ ದೋಷಕ್ಕೆ

ಕ್ಯಾಮೆರಾ ಮತ್ತು ಫ್ಲಾಶ್ ಎರಡನ್ನೂ ಆರಿಸಿ, ಬ್ಯಾಟರಿ ತೆಗೆದು, ಸಂಪರ್ಕಗಳನ್ನು ಒಣ ಮೃದು ಬಟ್ಟೆಯಿಂದ ಒರೆಸಬೇಕು. ಹಠಮಾರಿ ಕೊಳೆಗೆ ಪೆನ್ಸಿಲ್ ರಬ್ಬರ್ ಅನ್ನು ಹಗುರವಾಗಿ ಬಳಸಬಹುದಾದರೂ ಅದರ ಪುಡಿ ಒಳಗೆ ಸೇರದಂತೆ ಎಚ್ಚರ ವಹಿಸಬೇಕು. ಬಳಿಕ ಫ್ಲಾಶ್ ಅನ್ನು ಪೂರ್ತಿ ಒಳಕ್ಕೆ ತಳ್ಳಿ ಬಿಗಿಗೊಳಿಸಬೇಕು. ತಂತಿಯ ಮೂಲಕ ಜೋಡಿಸಿದ್ದರೆ ಫ್ಲಾಶ್ ಅನ್ನು ನೇರವಾಗಿ ಕ್ಯಾಮೆರಾದ ಮೇಲಿಟ್ಟು ಪರೀಕ್ಷಿಸಿದಾಗ ದೋಷ ತಂತಿಯದೋ ಅಲ್ಲವೋ ತಿಳಿಯುತ್ತದೆ.

ಫ್ಲಾಶ್‌ನ ಹೊರಕವಚವನ್ನು ಬಿಚ್ಚುವುದು ಅಪಾಯಕಾರಿ. ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್‌ಗಳ ವಿದ್ಯುತ್ತಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ಬಹಳ ಹೊತ್ತು ಉಳಿಯುತ್ತದೆ. ಹಳೆಯ ಫ್ಲಾಶ್‌ಗಳಲ್ಲಿ ಕೆಲವು ತಮ್ಮ ಸಂಪರ್ಕದಲ್ಲೇ 200 ವೋಲ್ಟ್‌ಗಿಂತ ಹೆಚ್ಚಿನ ವಿದ್ಯುತ್ತನ್ನು ಹೊಂದಿದ್ದು, ಡಿಜಿಟಲ್ ಕ್ಯಾಮೆರಾದ ಮಂಡಲವನ್ನು ಸುಡಬಲ್ಲವು.

## ಹೊಳೆಯುವ ವಸ್ತುಗಳು

ಜೀರುಂಡೆಯ ರೆಕ್ಕೆಗವಚ, ಒದ್ದೆ ಹಲ್ಲು, ಚಿನ್ನದ ಆಭರಣ, ಪಶ್ಚಿಮ ಘಟ್ಟಗಳಲ್ಲಿ ಮಳೆಗಾಲದ ರಾತ್ರಿ ಚಿತ್ರಿಸುವ ಕಪ್ಪೆಯ ಹಸಿ ಚರ್ಮ ಇವುಗಳ ಮೇಲೆ ಫ್ಲಾಶ್‌ನ ಪ್ರತಿಬಿಂಬವೇ ಬಿಳಿ ಚುಕ್ಕೆಯಾಗಿ ಮೂಡುತ್ತದೆ. ಚಿತ್ರದ ಉಳಿದ ಭಾಗ ಸರಿಯಾಗಿದ್ದು ಇಂಥ ಚುಕ್ಕೆಗಳು ಮಾತ್ರ ಬೆಳ್ಳಗಿದ್ದರೆ ಅದು ಓವರ್ ಎಕ್ಸ್‌ಪೋಷರ್ ಅಲ್ಲ. ಒಟ್ಟು ಬೆಳಕನ್ನು ಕಡಿಮೆ ಮಾಡಿದರೆ ಇಡೀ ಚಿತ್ರ ಕಪ್ಪಾಗುವುದೇ ಹೊರತು ಚುಕ್ಕೆ ಹೋಗುವುದಿಲ್ಲ. ಇದಕ್ಕೆ ಬೆಳಕಿನ ಮೂಲವನ್ನು ದೊಡ್ಡದಾಗಿಸುವುದೇ ಉಪಾಯ. ವಸ್ತುವಿನ ಹತ್ತಿರ ಹಿಡಿದ ಅಗಲವಾದ ಬಿಳಿ ಪರದೆಯಿಂದ ಪ್ರತಿಬಿಂಬ ಹರಡಿಕೊಂಡು ಅದರ ತೀಕ್ಷ್ಣತೆ ತಗ್ಗುತ್ತದೆ. ಫ್ಲಾಶ್‌ನ ಮುಂದೆ ಒಂದು ಧ್ರುವೀಕರಣ ಶೋಧಕವನ್ನೂ ಮಸೂರದ ಮುಂದೆ ಅದಕ್ಕೆ ಅಡ್ಡಲಾಗಿ ಇನ್ನೊಂದನ್ನೂ ಇಟ್ಟರೆ ಲೋಹವಲ್ಲದ ಮೇಲ್ಮೈಗಳ ಹೊಳಪನ್ನು ಬಹುಮಟ್ಟಿಗೆ ನಿವಾರಿಸಬಹುದು.

## ಚಿತ್ರಸಂಸ್ಕರಣೆಯ ಮಿತಿ

ಜೆಪಿಇಜಿ ಕಡತದಲ್ಲಿ ಪ್ರತಿಯೊಂದು ಬಣ್ಣದ ಮೌಲ್ಯ 0ಯಿಂದ 255ರವರೆಗೆ ಮಾತ್ರ ಇರುತ್ತದೆ. ರಾ ಕಡತದಲ್ಲಿ 12 ಅಥವಾ 14 ಬಿಟ್‌ಗಳ ಮಾಹಿತಿ ಇರುವುದರಿಂದ ಜೆಪಿಇಜಿಯಲ್ಲಿ ಬೆಳ್ಳಗೆ ಕಂಡ ಭಾಗದ ಸ್ವಲ್ಪ ವಿವರ ಮರಳಿ ದೊರೆಯಬಹುದು. ಆದರೆ ಸಂವೇದಕವೇ ತುಂಬಿಹೋಗಿದ್ದರೆ ರಾ ಕಡತದಲ್ಲೂ ಏನೂ ಉಳಿದಿರುವುದಿಲ್ಲ.

ಗಾಢ ಬಣ್ಣದ ವಸ್ತುಗಳಲ್ಲಿ ಮೂರು ಬಣ್ಣಗಳ ಪೈಕಿ ಒಂದು ಮಾತ್ರ ಮೊದಲು ಮಿತಿ ಮೀರುತ್ತದೆ. ಕೆಂಪು ದಾಸವಾಳವನ್ನು ಚಿತ್ರಿಸಿದಾಗ ಒಟ್ಟು ಹಿಸ್ಟೋಗ್ರಾಂ ಸರಿಯಾಗಿ ಕಂಡರೂ ಕೆಂಪಿನ ಪಾಲು ಬಲತುದಿಗೆ ಒತ್ತಿಕೊಂಡಿರಬಹುದು. ಆಗ ದಳದ ನರಗಳು ಅಳಿಸಿಹೋಗಿ ಹೂವು ಬಣ್ಣ ಬಳಿದ ಕಾಗದದಂತೆ ಕಾಣುತ್ತದೆ. ಆದ್ದರಿಂದ ಕೆಂಪು, ಹಸಿರು, ನೀಲಿ ಬಣ್ಣಗಳ ಹಿಸ್ಟೋಗ್ರಾಂಗಳನ್ನು ಬೇರೆ ಬೇರೆಯಾಗಿ ನೋಡುವುದು ಸೂಕ್ತ. ಮತ್ತೆ ತೆಗೆಯಲಾಗದ ಚಿತ್ರಗಳಲ್ಲಿ ಫ್ಲಾಶ್ ಕಾಂಪೆನ್ಸೇಷನ್ ಅನ್ನು ಬದಲಿಸುತ್ತ ಎರಡು ಮೂರು ಚಿತ್ರಗಳನ್ನು ಸಾಲಾಗಿ ತೆಗೆದಿಟ್ಟುಕೊಳ್ಳುವ ಪದ್ಧತಿಯೂ ಇದೆ.

## ಇವನ್ನೂ ನೋಡಿ

* ಮ್ಯಾಕ್ರೋ ಛಾಯಾಗ್ರಹಣ
* ವಿಲೋಮ ವರ್ಗ ನಿಯಮ
* ಅಪರ್ಚರ್
* ಹಿಸ್ಟೋಗ್ರಾಂ
* ಬೆಳಕಿನ ಧ್ರುವೀಕರಣ